ಅಪ್ಪನಿಗೆ ಕೀಹೋಲ್‌ನಲ್ಲಿ ಶ್ವಾಸಕೋಶದ ಆಪರೇಷನ್ ಅಂತೆ, ಮಾಡಿಸಿದವರು ಯಾರಾದರೂ ಇದ್ದೀರಾ?

ಶಿರಸಿ_ತೋಟ:
ಅಪ್ಪನಿಗೆ 66 ವರ್ಷ. ಬಲ ಶ್ವಾಸಕೋಶದ ಮೇಲಿನ ಭಾಗದಲ್ಲಿ ಸಣ್ಣ ಗಡ್ಡೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು, ಬೇರೆಲ್ಲೂ ಹರಡಿಲ್ಲ. ಮಂಗಳೂರಿನಲ್ಲಿ ತೋರಿಸಿದ್ದೇವೆ. ಎದೆ ತೆರೆಯುವುದು ಬೇಡ, ವ್ಯಾಟ್ಸ್ (ಸಣ್ಣ ತೂತುಗಳಲ್ಲಿ ಕ್ಯಾಮೆರಾ ಹಾಕಿ ಮಾಡುವ ಕೀಹೋಲ್ ಆಪರೇಷನ್) ಮಾಡಿ ಆ ಲೋಬ್, ಅಂದರೆ ಶ್ವಾಸಕೋಶದ ಆ ಭಾಗ, ತೆಗೆಯೋಣ, ಎಲ್ಲ ಸರಿ ಇದ್ದರೆ ನಾಲ್ಕೈದು ದಿನಕ್ಕೆ ಮನೆಗೆ ಹೋಗಬಹುದು ಅಂದಿದ್ದಾರೆ. ಅದನ್ನು ಕೇಳಿ ಆಯಿಗೆ ಹಲ್ಲು ಕೀಳಿಸಿದಷ್ಟೇ ಸುಲಭ ಅನ್ನಿಸಿದೆ. ಆದರೆ ಸಹಿ ಹಾಕುವ ಕಾಗದದಲ್ಲಿ ಅಗತ್ಯ ಬಿದ್ದರೆ ಎದೆ ತೆರೆಯಬಹುದು ಅಂತಲೂ ಇದೆ. ಅದು ಯಾವಾಗ ಬೀಳುತ್ತದೆ? ಅಪ್ಪನಿಗೆ ಹಿಂದೆ ಟಿಬಿ ಆಗಿತ್ತು, ಪೂರ್ತಿ ಔಷಧ ತೆಗೆದುಕೊಂಡಿದ್ದರು. ಬೀಡಿ ಬಿಟ್ಟಿದ್ದಾರೆ, ಕವಳ (ಎಲೆ-ಅಡಿಕೆ) ಬಿಟ್ಟಿಲ್ಲ.

ಅಂಕೋಲಾ_ಮಂಜು:
ನಮ್ಮ ಚಿಕ್ಕಪ್ಪನಿಗೆ ಕ್ಯಾನ್ಸರ್ ಅಲ್ಲ, ನ್ಯುಮೋನಿಯಾ ಆದ ಮೇಲೆ ಎದೆಯಲ್ಲಿ ಕೀವು ತುಂಬಿತ್ತು. ಕೀಹೋಲ್ ಅಂತ ಒಳಗೆ ಕರೆದುಕೊಂಡು ಹೋದರು, ಹೊರಗೆ ಬಂದಾಗ ಪಕ್ಕೆಯಲ್ಲಿ ಉದ್ದದ ಹೊಲಿಗೆ. ನಾವು ಜಗಳಕ್ಕೇ ನಿಂತೆವು. ತಡವಾಗಿ ಹೋಗಿದ್ದರಿಂದ ಶ್ವಾಸಕೋಶದ ಸುತ್ತ ದಪ್ಪ ಪೊರೆ ಕಟ್ಟಿತ್ತಂತೆ, ಕ್ಯಾಮೆರಾದಲ್ಲಿ ಬಿಡಿಸಲು ಆಗಲಿಲ್ಲವಂತೆ. ಮೊದಲೇ ಒಬ್ಬರು ಕೂತು ಹೇಳಿದ್ದರೆ ಅಷ್ಟು ಕೂಗಾಡುತ್ತಿರಲಿಲ್ಲ, ಅಲ್ವಾ? ಈಗ ಆರಾಮ ಇದ್ದಾರೆ, ದೋಣಿಗೂ ಹೋಗುತ್ತಾರೆ.

ಕಾಳಿ_ದಂಡೆ:
ನಾನು ಕಾರವಾರದವಳು, ಎದೆ ಆಪರೇಷನ್ ವಾರ್ಡಿನಲ್ಲಿ ನರ್ಸ್. ಟಿಬಿ ಆಗಿತ್ತು ಅನ್ನೋದನ್ನು ಸರ್ಜನ್‌ಗೆ ನೀವೇ ಇನ್ನೊಮ್ಮೆ ಹೇಳಿ, ಫೈಲಿನಲ್ಲಿ ಇದೆ ಅಂತ ಸುಮ್ನೆ ಇರಬೇಡಿ. ಹಳೆ ಟಿಬಿಯಿಂದ ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡಿರಬಹುದು, ರಕ್ತನಾಳದ ಪಕ್ಕದ ಗಂಟುಗಳು ಗಟ್ಟಿಯಾಗಿರಬಹುದು. ಅಂಥ ಕಡೆ ಬಿಡಿಸುವಾಗ ರಕ್ತ ಜಾಸ್ತಿ ಬಂದರೆ ಎದೆ ತೆರೆಯಲೇಬೇಕು. ಹಟ ಹಿಡಿದು ತೂತಿನಲ್ಲೇ ಮುಗಿಸಲು ಹೋಗುವವರಿಗಿಂತ ಸಮಯಕ್ಕೆ ತೆರೆಯುವ ಸರ್ಜನ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಚರ್ಮದ ಮೇಲೆ ಗಾಯ ಸಣ್ಣದು, ಒಳಗೆ ತೆಗೆಯುವುದು ಅದೇ ಲೋಬ್. ಮನೆಗೆ ಹೋಗುವ ದಿನ ನಿರ್ಧಾರ ಆಗುವುದು ಹೆಚ್ಚಾಗಿ ಎದೆಯ ಟ್ಯೂಬಿನಿಂದ, ಅಂದರೆ ಒಳಗಿನ ಗಾಳಿ, ದ್ರವ ಹೊರಬರಲು ಎದೆಗೆ ಹಾಕಿ ನೀರಿನ ಬಾಟಲಿಗೆ ಜೋಡಿಸುವ ನಳಿಗೆಯಿಂದ. ಕೆಮ್ಮಿದಾಗ ಬಾಟಲಿಯ ನೀರಿನಲ್ಲಿ ಗುಳ್ಳೆ ಬಂದರೆ ಗಾಳಿ ಇನ್ನೂ ಸೋರುತ್ತಿದೆ ಅಂತ. ಐದು ದಿನ ದಾಟಿದರೂ ನಿಲ್ಲದಿದ್ದರೆ ಅದನ್ನು ತೊಡಕು ಅಂತಲೇ ಲೆಕ್ಕ ಹಾಕುತ್ತಾರೆ. ಹೆಚ್ಚಿನವರಿಗೆ ಕಾದರೆ ತಾನಾಗಿ ನಿಲ್ಲುತ್ತದೆ. ಬಾಟಲಿ ಯಾವಾಗಲೂ ಎದೆಗಿಂತ ಕೆಳಗೇ ಇರಲಿ. ಬಾತ್‌ರೂಮಿಗೆ ಹೋಗುವಾಗ ಮಗ ಅದನ್ನು ಎತ್ತಿ ಮಂಚದ ಮೇಲಿಡುವುದನ್ನು ದಿನಾ ನೋಡುತ್ತೇನೆ. ಟ್ಯೂಬಿಗೆ ನೀವಾಗಿ ಕ್ಲಿಪ್ ಹಾಕಲೇಬೇಡಿ, ಸೋರುವ ಗಾಳಿಗೆ ದಾರಿ ಇಲ್ಲದೆ ಒಳಗೆ ಒತ್ತಡ ಏರಿ ಜೀವಕ್ಕೇ ಅಪಾಯ.

ಎರಡು-ಮೂರನೇ ದಿನ ಕೆಲವರಿಗೆ ಎದೆಬಡಿತ ತಾಳ ತಪ್ಪುತ್ತದೆ. ವಯಸ್ಸಾದವರಲ್ಲಿ ಜಾಸ್ತಿ, ಔಷಧಕ್ಕೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಕಫ ಕಟ್ಟಿ ನ್ಯುಮೋನಿಯಾ ಆಗುವುದನ್ನು ತಪ್ಪಿಸಬೇಕಾದರೆ ಮೂರು ಚೆಂಡಿನ ಸ್ಪೈರೋಮೀಟರ್ (ಉಸಿರು ಎಳೆದು ಚೆಂಡು ಮೇಲೇರಿಸುವ ಸಾಧನ) ಈಗಲೇ ತಂದು ಅಭ್ಯಾಸ ಮಾಡಿಸಿ. ಕೆಮ್ಮುವಾಗ ದಿಂಬು ಅಪ್ಪಿಕೊಳ್ಳಲಿ. ಕವಳ ಇವತ್ತೇ ಬಿಡಿಸಿ, ಆಯಿಗೆ ಹೇಳಿ ಡಬ್ಬಿಯನ್ನೇ ಮುಚ್ಚಿಡಲಿ.

ಹಬ್ಬು_ವಾಡ:
ಇವೆಲ್ಲ ದುಡ್ಡು ಮಾಡೋ ದಾರಿ ಮಾರಾಯ್ರೆ. ಮೊದಲು ಎಲ್ಲರಿಗೂ ಎದೆ ತೆರೆದೇ ಮಾಡುತ್ತಿದ್ದರು, ಜನ ಬದುಕಲಿಲ್ವಾ?

ಕಾಳಿ_ದಂಡೆ:
ಬದುಕಿದರು. ಆದರೆ ಪಕ್ಕೆಲುಬು ಅಗಲಿಸಿದ ನೋವು ಕೆಲವರಿಗೆ ವರ್ಷಗಟ್ಟಲೆ ಹೋಗಲಿಲ್ಲ. ಬ್ರಿಟನ್‌ನಲ್ಲಿ 503 ರೋಗಿಗಳನ್ನು ಎರಡು ಗುಂಪು ಮಾಡಿ ವಯೊಲೆಟ್ ಅನ್ನುವ ಅಧ್ಯಯನ ಮಾಡಿದ್ದಾರೆ. ಆಪರೇಷನ್ ಆದ ಮೇಲೆ ಆಸ್ಪತ್ರೆಯಲ್ಲಿ ಇರುವಾಗ ತೊಡಕು ಬಂದದ್ದು ಕೀಹೋಲ್‌ನಲ್ಲಿ ಶೇ. 32.8, ತೆರೆದದ್ದರಲ್ಲಿ ಶೇ. 44.3. ಐದು ವಾರದ ಹೊತ್ತಿಗೆ ಓಡಾಟವೂ ಕೀಹೋಲ್‌ನವರದ್ದೇ ಚೆನ್ನಾಗಿತ್ತು. ಗಡ್ಡೆ ಪೂರ್ತಿ ತೆಗೆಯುವುದರಲ್ಲಿ ಎರಡೂ ಸಮ. ಆದರೆ ಶೇ. 32.8 ಅಂದರೆ ಮೂವರಲ್ಲಿ ಒಬ್ಬರಿಗೆ ಏನಾದರೂ ಆಗಿದೆ, ಆಯಿಗೆ ಇದನ್ನೂ ಹೇಳಿ. ನೋವೂ ಪೂರ್ತಿ ಇರುವುದಿಲ್ಲ ಅಂತಲ್ಲ, ತೂತಿನ ಹತ್ತಿರದ ನರಕ್ಕೆ ಪೆಟ್ಟಾದರೆ ಎದೆಯ ಮುಂಭಾಗ ತಿಂಗಳುಗಟ್ಟಲೆ ಜುಮ್ಮೆನ್ನುತ್ತದೆ.

ದುಡ್ಡಿನ ಮಾತು ಪೂರ್ತಿ ಸುಳ್ಳಲ್ಲ. ಶ್ವಾಸಕೋಶ ಕತ್ತರಿಸಿ ಮುಚ್ಚುವ ಸ್ಟೇಪ್ಲರಿಗೆ ಹಾಕುವ ಪಿನ್ನಿನ ಕಾರ್ಟ್ರಿಜ್ ದುಬಾರಿ, ಎಷ್ಟು ಬೇಕಾಗುತ್ತದೆ ಅಂತ ಮೊದಲೇ ಹೇಳುವುದು ಕಷ್ಟ. ಅದು ಪ್ಯಾಕೇಜಿನಲ್ಲಿ ಸೇರಿದೆಯಾ, ಆಯುಷ್ಮಾನ್ ಕಾರ್ಡ್ ನಡೆಯುತ್ತದಾ, ಅಡ್ಮಿಟ್ ಆಗುವ ಮೊದಲೇ ಕೇಳಿ.

ಶಿರಸಿ_ತೋಟ:
ಧನ್ಯವಾದ ಅಕ್ಕ. ಟಿಬಿ ಕಾಲದ ಎಕ್ಸ್‌ರೇ ಅಟ್ಟದಲ್ಲಿ ಸಿಕ್ಕಿತು, ಒಯ್ಯುತ್ತೇನೆ. ವಾಪಸ್ ಬರುವಾಗ ಕಾರಿನಲ್ಲಿ ದೇವಿಮನೆ ಘಟ್ಟ ಹತ್ತಿಸಬಹುದಾ?

ಕಾಳಿ_ದಂಡೆ:
ಟ್ಯೂಬ್ ತೆಗೆದು, ಆಮೇಲಿನ ಎಕ್ಸ್‌ರೇ ನೋಡಿ ಡಾಕ್ಟರು ಹೂಂ ಅಂದರೆ ಬನ್ನಿ. ಸೀಟ್ ಬೆಲ್ಟಿನ ಕೆಳಗೆ ಸಣ್ಣ ದಿಂಬು ಇಡಿ. ಮಧ್ಯೆ ಕುಮಟಾದಲ್ಲಿ ಒಮ್ಮೆ ಇಳಿಸಿ ನಡೆಸಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು. ಮನೆಗೆ ಬಂದ ಮೇಲೆ ಏಕಾಏಕಿ ಉಸಿರು ಕಟ್ಟಿದರೆ, ಜ್ವರ ಬಂದರೆ, ಗಾಯದಲ್ಲಿ ಕೀವು ಕಂಡರೆ ಕಷಾಯ ಕುಡಿಸುತ್ತ ಕೂರಬೇಡಿ, ಫೋನ್ ಮಾಡಿ.