ಪರಿಸರ ಆಲಿಕೆ ಸಭೆ: ಜನರಿಗೆ ವಿಷಯ ಮುಟ್ಟಿಸುವ ಯೋಜನೆ ಎಲ್ಲಿಂದ ಶುರು ಮಾಡಲಿ?

ಹೊಸ_ನೌಕರ
ಎಲ್ಲರಿಗೂ ನಮಸ್ಕಾರ. ಸರ್ಕಾರಿ ಕಚೇರಿಯೊಂದರಲ್ಲಿ ಗುತ್ತಿಗೆ ಮೇಲೆ ಸೇರಿದ್ದೇನೆ. ಒಂದು ಗಣಿ ಯೋಜನೆಯ ಪರಿಸರ ಪರಿಣಾಮ ವರದಿ ಬಗ್ಗೆ ಸಾರ್ವಜನಿಕ ಆಲಿಕೆ ಸಭೆ ನಡೆಯಬೇಕಿದೆ. ಜನರಿಗೆ ವಿಷಯ ಮುಟ್ಟಿಸೋಕೆ ಒಂದು ಯೋಜನೆ ಬರೆದುಕೊಡಿ ಅಂದಿದ್ದಾರೆ. ಹಳೇ ಕಡತ ತೆಗೆದು ನೋಡಿದರೆ ಪತ್ರಿಕೆ ಕಟಿಂಗ್ ಎರಡು, ಶಾಮಿಯಾನದ ಬಿಲ್ಲು ಒಂದು. ಇಷ್ಟೇ ಸಾಕಾ? ನನಗಂತೂ ಸಮಾಧಾನ ಇಲ್ಲ.

ಕೆರೆಯಂಗಳ
ಇಂಥ ಸಭೆಗಳ ತಯಾರಿಯಲ್ಲಿ ಬಹಳ ವರ್ಷ ಓಡಾಡಿದವಳು ನಾನು. ಸಾಲದು ಅಂತ ನಿಮಗೆ ಅನಿಸಿದ್ದು ಸರಿಯಾಗಿಯೇ ಇದೆ.

ಮೊದಲು 2006ರ ಸೆಪ್ಟೆಂಬರ್ 14ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಪೂರ್ತಿ ಓದಿ. ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ, ಕನಿಷ್ಠ 30 ದಿನ ಕಾಲಾವಕಾಶ, ಇಷ್ಟು ಎಲ್ಲರಿಗೂ ಗೊತ್ತು. ಪತ್ರಿಕೆ ತಲುಪದ ಕಡೆ ಡಂಗುರ ಸಾರಿಸಿ, ರೇಡಿಯೊ, ಟಿವಿಯಲ್ಲಿ ಹೇಳಿಸಿ ಅಂತಲೂ ಅದರಲ್ಲೇ ಇದೆ. ಖರ್ಚು ಯಾಕೆ ಅಂತ ಯಾರಾದರೂ ಕೇಳಿದರೆ ಆ ಸಾಲನ್ನೇ ತೋರಿಸಿ. ಪಂಚಾಯ್ತಿಯ ಕಸದ ಗಾಡಿಗೆ ಮೈಕ್ ಇದ್ದರೆ ಅದರಲ್ಲೂ ಕೂಗಿಸಿ. ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಲೇಬೇಕು ಅನ್ನೋ ನಿಯಮ, ಇಲ್ಲ ಅನ್ನೋದು ನೆನಪಿರಲಿ. ನಾಲ್ಕು ಜನ ಬಂದರೂ ಸಭೆ ನಡೆದಂತೆಯೇ ಲೆಕ್ಕ. ಹಾಗಾಗಿ ಜನ ಬರೋದು ಬಿಡೋದು ನಿಮ್ಮ ಕೆಲಸದ ಮೇಲೆ ನಿಂತಿದೆ.

ಆದರೆ ಪ್ರಕಟಣೆ ಬರೆಯುವ ಮುಂಚೆಯೇ ಒಮ್ಮೆ ಊರುಗಳಿಗೆ ಹೋಗಿ ಬನ್ನಿ. ಏನೂ ವಿವರಿಸಬೇಡಿ, ಕೇಳಿಸಿಕೊಳ್ಳಿ. ನಮ್ಮ ಬೋರ್‌ವೆಲ್ ಬತ್ತುತ್ತಾ? ಲಾರಿ ಶಾಲೆ ಮುಂದೆಯೇ ಓಡಾಡುತ್ತಾ? ಬ್ಲಾಸ್ಟಿಂಗ್ ಎಷ್ಟೊತ್ತಿಗೆ? ನಮ್ಮ ಸರ್ವೆ ನಂಬರ್ ಅದರಲ್ಲಿ ಸೇರಿದೆಯಾ? ಇವನ್ನೆಲ್ಲ ಅವರ ಮಾತಲ್ಲೇ ಬರೆದುಕೊಳ್ಳಿ. ಇದಕ್ಕೆಲ್ಲ ವರದಿಯಲ್ಲಿ ಎಲ್ಲೆಲ್ಲೋ ಉತ್ತರ ಇರುತ್ತೆ, ಇಲ್ಲಾ ಇರೋದೇ ಇಲ್ಲ. ನಿಮ್ಮ ಕರಪತ್ರದಲ್ಲಿ ಪ್ರತಿ ಪ್ರಶ್ನೆ, ಅದರ ಕೆಳಗೆ ವರದಿ ಏನು ಹೇಳುತ್ತೆ, ಯಾವ ಪುಟ ಅಂತ ಹಾಕಿ. ಉತ್ತರ ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ.

ಇನ್ನೊಂದು, ನಕ್ಷೆ. ವರದಿಯಲ್ಲಿ ಸಾಮಾನ್ಯವಾಗಿ ಉಪಗ್ರಹ ಚಿತ್ರದ ಮೇಲೆ 10 ಕಿಲೋಮೀಟರ್ ವೃತ್ತ ಎಳೆದಿರುತ್ತಾರೆ. ಅದನ್ನು ನೋಡಿ ಯಾರಿಗೂ ತಮ್ಮ ಹೊಲ ಎಲ್ಲಿ ಅಂತ ತಿಳಿಯಲ್ಲ. ಕೆರೆ, ಹಳ್ಳ, ಗೋಮಾಳ, ಶಾಲೆ, ಲಾರಿ ಹೋಗುವ ದಾರಿ ಹಾಕಿ ದೊಡ್ಡದಾಗಿ ಪ್ರಿಂಟ್ ತೆಗೆಸಿ. ಪಂಚಾಯ್ತಿ ಕಟ್ಟೆ ಹತ್ತಿರ ಹರಡಿ. ವಯಸ್ಸಾದವರು ಬಗ್ಗಿ ನೋಡಿ, ಬೆರಳಿಟ್ಟು, "ಇಲ್ಲೊಂದು ಹಳ್ಳ ಇದೆಯಲ್ಲ, ಮಳೆಗಾಲದಲ್ಲಿ ಇದೇ ನೀರು ಕೆರೆಗೆ ಹೋಗೋದು, ಯಾಕೆ ಹಾಕಿಲ್ಲ?" ಅನ್ನುತ್ತಾರೆ. ಎಷ್ಟೋ ವರದಿಗಳ ಮೂಲ ಮಾಹಿತಿ ಮಳೆಗಾಲ ಬಿಟ್ಟು ಬೇರೆ ಒಂದೇ ಕಾಲದಲ್ಲಿ ಸಂಗ್ರಹಿಸಿದ್ದು. ಒಣಗಿದ ಹಳ್ಳ ಸರ್ವೆಯವರ ಕಣ್ಣಿಗೆ ಬೀಳದೇ ಹೋಗಬಹುದು. ಊರವರ ಬಾಯಿಂದ ಅದು ದಾಖಲೆಗೆ ಬರಬೇಕು. ಆಲಿಕೆ ಸಭೆ ಇರೋದೇ ಇದಕ್ಕಲ್ವಾ?

ಕಾನೂನು_ಓದುಗ
ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಭಾಷೆ ವಿಷಯ ಹಗುರವಾಗಿ ತಗೋಬೇಡಿ. 2006ರ ಅಧಿಸೂಚನೆ ಬದಲಿಸೋಕೆ 2020ರಲ್ಲಿ ಹೊಸ ಇಐಎ ಕರಡು ಬಂದಾಗ ದೆಹಲಿ ಹೈಕೋರ್ಟ್ ಆಕ್ಷೇಪಣೆ ಸಲ್ಲಿಸುವ ಗಡುವನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆ ಅನುವಾದ ಮಾಡಿಸಿ ಅಂತ ಹೇಳಿತ್ತು. ಅದೇ ಕರಡಿನಲ್ಲಿ 30 ದಿನದ ನೋಟಿಸನ್ನು 20 ದಿನಕ್ಕೆ ಇಳಿಸುವ ಪ್ರಸ್ತಾಪವೂ ಇತ್ತು. ಆದರೆ ಅದು ಕರಡಷ್ಟೇ, ನಿಮ್ಮ ಸಭೆಗೆ 2006ರ ನಿಯಮವೇ ಅನ್ವಯ. ವರದಿಯ ಕನ್ನಡ ಸಾರಾಂಶ ಮೊದಲ ದಿನದಿಂದಲೇ ಡಿಸಿ ಕಚೇರಿ, ಜಿಲ್ಲಾ ಪಂಚಾಯ್ತಿ, ಗ್ರಾಮ ಪಂಚಾಯ್ತಿಯಲ್ಲಿ ಇದೆಯಾ ಅಂತ ನೀವೇ ಹೋಗಿ ನೋಡಿ.

ಹೊಸ_ನೌಕರ
ತುಂಬಾ ಥ್ಯಾಂಕ್ಸ್. ಒಂದು ಗೊಂದಲ. ಕರಪತ್ರ ನಾವೇ ಅಚ್ಚು ಹಾಕಿಸಿಕೊಡ್ತೀವಿ ಅಂತ ಕಂಪನಿಯವರು ಹೇಳ್ತಿದ್ದಾರೆ. ಒಪ್ಪಿಕೊಳ್ಳಬಹುದಾ?

ಕೆರೆಯಂಗಳ
ಖಂಡಿತ ಬೇಡ. ಸಭೆ ಶುರುವಾಗೋದೇ ಕಂಪನಿಯವರ ವಿವರಣೆಯಿಂದ, ಉದ್ಯೋಗ, ರಸ್ತೆ ಅಂತ ಏನು ಹೇಳಬೇಕೋ ಅಲ್ಲಿ ಹೇಳಲಿ. ಸರ್ಕಾರದ ಕಾಗದದ ಮೇಲೆ ಅವರ ಗುರುತು ಕಂಡರೆ, ಎಲ್ಲಾ ಮೊದಲೇ ತೀರ್ಮಾನ ಆಗಿದೆ ಅಂದುಕೊಂಡು ಜನ ಮನೆಯಲ್ಲೇ ಉಳಿದುಬಿಡುತ್ತಾರೆ. ಸಭೆಗೆ ಬರೋಕಾಗದವರು ಯಾರಿಗೆ, ಯಾವ ತಾರೀಖಿನೊಳಗೆ ಲಿಖಿತವಾಗಿ ಕೊಡಬಹುದು ಅಂತಲೂ ನಿಮ್ಮ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಇರಲಿ.

ಸಭೆ ಮುಗಿದ ಮೇಲಿನ ಕೆಲಸಕ್ಕೂ ಈಗಲೇ ಹಣ ತೆಗೆದಿಡಿ. ನಡಾವಳಿಯನ್ನು ಪಂಚಾಯ್ತಿಯಲ್ಲಿ ಹಾಕಬೇಕು ಅಂತ ನಿಯಮ ಇದೆ. ಸುಮ್ನೆ ಬೋರ್ಡಿಗೆ ಅಂಟಿಸಿ ಬರಬೇಡಿ. ಯಾರು ಏನು ಕೇಳಿದರು, ಕಂಪನಿ ಏನು ಒಪ್ಪಿಕೊಂಡಿತು ಅಂತ ಊರವರ ಮುಂದೆ ಓದಿ ಹೇಳಿಸಿ. ತಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಹೇಳುತ್ತಾರೆ. ಅದನ್ನು ಬರವಣಿಗೆಯಲ್ಲಿ ತಗೊಂಡು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಿ. ಸಭೆ ಮುಗಿದ 8 ದಿನದೊಳಗೆ ನಡಾವಳಿ ಮಂಡಳಿಯಿಂದ ಅನುಮತಿ ಕೊಡುವ ಪ್ರಾಧಿಕಾರಕ್ಕೆ ಹೋಗಬೇಕು, ಅದಕ್ಕೇ ಓದಿಸುವ ತಾರೀಖನ್ನು ಯೋಜನೆಯಲ್ಲೇ ಬರೆದುಬಿಡಿ.