ಮಾತಾಡೋ ಡಾಕ್ಟರಿಗೆ ಏನು ಸುಸ್ತು?

(ಕುಟುಂಬದ ಗುಂಪು. ದೊಡ್ಡಪ್ಪ ಹಂಚಿದ ಸುದ್ದಿ: ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯ 2024ರ ವರದಿ. ಪಿಜಿ (ಸ್ನಾತಕೋತ್ತರ) ವೈದ್ಯರಿಗೆ ವಾರಕ್ಕೆ 74 ಗಂಟೆ ಮೀರಿ ಕೆಲಸ ಬೇಡ, ವಾರಕ್ಕೊಂದು ದಿನ ರಜೆ, ದಿನಕ್ಕೆ 7-8 ಗಂಟೆ ನಿದ್ದೆ.)

ದೊಡ್ಡಪ್ಪ: ಎಲ್ಲರೂ ಓದಿ ಇದನ್ನ. ನಾವು ಸರ್ಜರಿ ಪಿಜಿ ಮಾಡುವಾಗ ಶನಿವಾರ ಬೆಳಿಗ್ಗೆ ವಾರ್ಡಿಗೆ ಹೋದ್ರೆ ಸೋಮವಾರ ರಾತ್ರಿ ಆಚೆ ಬರ್ತಿದ್ವಿ. ಯಾರೂ ಸಾಯ್ಲಿಲ್ಲ. ಕೈ ಪಳಗಿದ್ದೇ ಹಾಗೆ.

ಪುಣೆ ಭಾವ: ಸರ್ಜರಿಗಾದ್ರೆ ಒಪ್ಪಬಹುದು ಮಾವ. ಸೈಕಿಯಾಟ್ರಿಯವರಿಗೂ, ಅಂದ್ರೆ ಮನೋವೈದ್ಯರಿಗೂ ಇದೇ ನಿಯಮ ಅಂತೆ. ಕೂತು ಮಾತಾಡೋ ಕೆಲಸಕ್ಕೆ ಏನು ಸುಸ್ತು?

ಚಿಕ್ಕಮ್ಮ: ಮನೇಲೇ ಒಬ್ಳು ಇದಾಳಲ್ಲ, ಅವಳನ್ನೇ ಕೇಳಿ. ಪಿಜಿ ಮಾಡೋವಾಗ ಒಂದು ಗೌರಿ ಹಬ್ಬಕ್ಕೂ ಬರ್ಲಿಲ್ಲ.

ನಾನು: ಡ್ಯೂಟಿ ಮುಗಿಸಿ ಈಗ ನೋಡಿದೆ. ದೊಡ್ಡಪ್ಪ, "ಯಾರೂ ಸಾಯ್ಲಿಲ್ಲ" ಅನ್ನೋ ಮಾತು ಬೇಡ. ಐದು ವರ್ಷದಲ್ಲಿ 122 ವೈದ್ಯಕೀಯ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ ಅಂತ ಆಯೋಗವೇ ಮಾಹಿತಿ ಹಕ್ಕಿನಡಿ ಉತ್ತರ ಕೊಟ್ಟಿದೆ. ಅದ್ರಲ್ಲಿ 58 ಜನ ಪಿಜಿಗಳು.

ನಾನು: ಗಂಟೆ ಲೆಕ್ಕಕ್ಕೂ ಬರ್ತೀನಿ. 1992ರ ಜೂನ್ 5ರ ಕೇಂದ್ರ ಆರೋಗ್ಯ ಸಚಿವಾಲಯದ ಆದೇಶದಲ್ಲೇ ರೆಸಿಡೆಂಟ್‌ಗಳಿಗೆ, ಅಂದ್ರೆ ಆಸ್ಪತ್ರೇಲಿ ಡ್ಯೂಟಿ ಮಾಡೋ ಪಿಜಿಗಳಂಥವರಿಗೆ, ದಿನಕ್ಕೆ 12, ವಾರಕ್ಕೆ 48 ಗಂಟೆ ಅಂತಿದೆ. 74 ಅನ್ನೋದು ಅದಕ್ಕಿಂತ ಎಷ್ಟು ಜಾಸ್ತಿ ನೋಡಿ.

ದೊಡ್ಡಪ್ಪ: ಕಾಗದದ ಮೇಲೆ ಸಾವಿರ ಇರುತ್ತೆ. ರಾತ್ರಿ ಎರಡು ಗಂಟೆಗೆ ಹೊಟ್ಟೆ ಒಡೆದವನು ಬಂದ್ರೆ "ನನ್ನ 74 ಮುಗೀತು" ಅಂತ ಹೇಳೋಕಾಗುತ್ತಾ? ಕೇಸ್ ನೋಡ್ದೆ ಡಾಕ್ಟರ್ ಆಗೋಕಾಗಲ್ಲ.

ನಾನು: ಕೇಸ್ ನೋಡ್ಬೇಕು, ಅದನ್ನ ನಾನೂ ಒಪ್ತೀನಿ. ರೋಗಿ ಇದ್ದಾಗ ಎದ್ದು ಹೋಗೋರು ನಮ್ಮಲ್ಲೂ ಯಾರಿಲ್ಲ.

ಪುಣೆ ಭಾವ: ಆ ಕಾರ್ಯಪಡೆಯ ಸಮೀಕ್ಷೇಲಿ 31% ಪಿಜಿಗಳಿಗೆ ಆತ್ಮಹತ್ಯೆ ಯೋಚನೆ ಬಂದಿತ್ತು ಅಂತಿದೆ. ಆನ್‌ಲೈನ್ ಫಾರ್ಮ್ ತಾನೆ? ನೋವಿದ್ದೋರೇ ತುಂಬಿರ್ತಾರೆ.

ನಾನು: ಇರಬಹುದು ಭಾವ, ಆ ಆಕ್ಷೇಪ ಸರಿ. ಇಡೀ ದೇಶದಲ್ಲಿ ಇಷ್ಟೇ ಶೇಕಡಾ ಅಂತ ನಾನೂ ಹೇಳಲ್ಲ. ಆದ್ರೆ ಫಾರ್ಮ್ ತುಂಬಿದ ಪಿಜಿಗಳು 5,337. ಅದ್ರಲ್ಲಿ 31% ಅಂದ್ರೆ ಸಾವಿರದ ಆರುನೂರು ಜನದ ಮೇಲಾಯ್ತು. ಅಷ್ಟು ಜನ ನಿಜವಾಗ್ಲೂ ಇದ್ದಾರೆ.

ಶಿವಮೊಗ್ಗ ಅತ್ತೆ: ಅಯ್ಯೋ ದೇವ್ರೇ.

ನಾನು: "ಕೂತು ಮಾತಾಡೋ ಕೆಲಸ" ಅಂದ್ರಲ್ಲ ಭಾವ, ಅದಕ್ಕೆ ಉತ್ತರ ಕೊಡ್ತೀನಿ. ಎರಡನೇ ವರ್ಷದಲ್ಲಿ ನನ್ನ ಒಬ್ಬ ರೋಗಿ ಆತ್ಮಹತ್ಯೆ ಮಾಡಿಕೊಂಡ್ರು. ನನಗೆ ಗೊತ್ತಾಗಿದ್ದು ರೆಕಾರ್ಡ್ ರೂಮಿನವರಿಂದ. ಒಪಿಡಿ ಮಧ್ಯೆ ಬಂದು "ಮೇಡಂ, ಈ ಫೈಲು ಪೊಲೀಸರಿಗೆ ಬೇಕಂತೆ" ಅಂದ್ರು. ಹೆಸರು ನೋಡಿದೆ. ಕೊನೇ ಪುಟದಲ್ಲಿ ನನ್ನದೇ ಅಕ್ಷರ, "ಎರಡು ವಾರ ಬಿಟ್ಟು ಬನ್ನಿ". ಅಷ್ಟರಲ್ಲಿ ಮುಂದಿನ ಟೋಕನ್ ಕರೆದಿದ್ರು. ಬಂದವರು ಕೂತು "ಬದುಕೇ ಬೇಡ ಅನ್ಸುತ್ತೆ ಡಾಕ್ಟ್ರೇ" ಅಂತ ಶುರು ಮಾಡಿದ್ರು.

ನಾನು: ಅವತ್ತು ಸಂಜೆವರೆಗೂ ಒಪಿಡಿ ನೋಡಿದೆ. ಡಿಪಾರ್ಟ್‌ಮೆಂಟಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ರಿಸ್ಕ್ ಅಸೆಸ್‌ಮೆಂಟ್ (ಆತ್ಮಹತ್ಯೆ ಅಪಾಯ ಎಷ್ಟಿದೆ ಅನ್ನೋ ಅಂದಾಜು) ಬರೆದಿದ್ದೀಯಾ? ಬರೆದಿದ್ದೆ. ಅಲ್ಲಿಗೆ ಮುಗೀತು. ನೀನು ಹೇಗಿದ್ದೀಯ ಅಂತ ಯಾರೂ ಕೇಳ್ಲಿಲ್ಲ.

ಚಿಕ್ಕಮ್ಮ: ನಮಗ್ಯಾಕೆ ಹೇಳ್ಲಿಲ್ಲ ಪುಟ್ಟಿ.

ನಾನು: ರೋಗಿ ವಿಷಯ ಮನೇಲಿ ಹೇಳೋಹಾಗಿಲ್ಲ ಚಿಕ್ಕಮ್ಮ. ಅದೂ ಈ ಕೆಲಸದ ಭಾರದಲ್ಲೇ ಸೇರಿದ್ದು.

ಶಿವಮೊಗ್ಗ ಅತ್ತೆ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಅಂತ ಬಸ್ ಸ್ಟ್ಯಾಂಡಲ್ಲೆಲ್ಲ ಹಾಕಿರ್ತಾರಲ್ಲ, ಅಲ್ಲಿಗೆ ಫೋನ್ ಮಾಡಬಹುದಿತ್ತು.

ನಾನು: ಒಳ್ಳೇ ಸೇವೆ ಅತ್ತೆ, ನಮ್ಮ ರೋಗಿಗಳಿಗೆ ನಾನೇ ಬರ್ಕೊಡ್ತೀನಿ. ಪಿಜಿಗಳೂ ಮಾಡ್ಬೇಕು. ಆದ್ರೆ ತಿಂಗಳುಗಟ್ಟಲೆ ಔಷಧಿ, ಫಾಲೋಅಪ್ ಬೇಕಾದಾಗ ಒಬ್ಬ ಡಾಕ್ಟರ್ ಹತ್ರ ಹೋಗಲೇಬೇಕಲ್ಲ. ನಮಗೆ ತೊಡಕಾಗೋದು ಅಲ್ಲೇ.

ನಾನು: ಮೆಡಿಸಿನ್ ಪಿಜಿಗೆ ಖಿನ್ನತೆ ಬಂದ್ರೆ ಕೆಳಗಿನ ಮಹಡಿಯ ಸೈಕಿಯಾಟ್ರಿಗೆ ಹೋಗ್ತಾನೆ. ಸೈಕಿಯಾಟ್ರಿ ಪಿಜಿ ಎಲ್ಲಿಗೆ ಹೋಗ್ಬೇಕು? ಅಲ್ಲಿರೋ ಪ್ರೊಫೆಸರೇ ಅವಳ ಗೈಡ್, ಥೀಸಿಸ್‌ಗೆ ಸಹಿ ಹಾಕೋರು, ಫೈನಲ್ ಪರೀಕ್ಷೇಲಿ ಎದುರು ಕೂರೋರು. ಫಾರ್ಮಸಿಯಲ್ಲಿ ಚೀಟಿ ನೋಡೋರು ದಿನಾ ಸಿಗೋರು. ಹೊರಗಡೆ ಹೋದ್ರೆ ಊರಲ್ಲಿರೋ ಮನೋವೈದ್ಯರು ಬೆರಳೆಣಿಕೆ, ಅವರೂ ಇದೇ ಕಾಲೇಜಿನ ಹಳೇ ವಿದ್ಯಾರ್ಥಿಗಳು. ಹಾಗಾಗಿ ತಾನೇ ಮಾತ್ರೆ ಬರ್ಕೊಂಡು ನುಂಗೋರಿದ್ದಾರೆ. ಎಲ್ಲಕ್ಕಿಂತ ಅಪಾಯ ಅದು.

ದೊಡ್ಡಪ್ಪ: ಇದು ನನಗೆ ಹೊಳೆದಿರಲಿಲ್ಲ.

ಪುಣೆ ಭಾವ: ಹಾಗಾದ್ರೆ ಏನ್ಮಾಡ್ಬೇಕು ಅಂತೀಯ? ಯೋಗ ಕ್ಲಾಸು?

ನಾನು: ಯೋಗ ಬೇಕಾದೋರು ಮಾಡ್ಲಿ. ನಾನು ಕೇಳ್ತಿರೋದು ಬೇರೆ. ಎರಡು ಕಾಲೇಜುಗಳು ಒಪ್ಪಂದ ಮಾಡ್ಕೊಂಡು ಇವರ ಪಿಜಿಗಳನ್ನ ಅವರು, ಅವರ ಪಿಜಿಗಳನ್ನ ಇವರು ನೋಡ್ಲಿ. ಫೈಲು ಇಲ್ಲಿಗೆ ಬರ್ಬಾರ್ದು, ಪರೀಕ್ಷೆಗೆ ಬರೋರು ಚಿಕಿತ್ಸೆ ಕೊಟ್ಟೋರಾಗಿರ್ಬಾರ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಗೌಪ್ಯತೆಯ ಹಕ್ಕು ಕೊಟ್ಟಿದೆ. ಪಿಜಿಯೂ ಕಾಯಿಲೆ ಬಂದಾಗ ರೋಗಿಯೇ ಅಲ್ವಾ?

ನಾನು: ನಾನು ಕೇಳೋ ಇನ್ನೊಂದು ವಿಷಯ, ಬ್ಯಾಲಿಂಟ್ ಗುಂಪು. ಐವತ್ತರ ದಶಕದಲ್ಲಿ ಲಂಡನ್ನಿನಲ್ಲಿ ಮೈಕಲ್ ಬ್ಯಾಲಿಂಟ್ ಅನ್ನೋರು ಕುಟುಂಬ ವೈದ್ಯರ ಜೊತೆ ಶುರು ಮಾಡಿದ್ದು. ಬ್ರಿಟನ್ನಿನಲ್ಲಿ ಸೈಕಿಯಾಟ್ರಿ ತರಬೇತಿ ಶುರುವಾದಾಗಲೇ ಇಂಥ ಗುಂಪಲ್ಲಿ ಕೂರ್ತಾರೆ. ಒಬ್ಬರು ಫೈಲ್ ಇಲ್ಲದೆ, ನೆನಪಿಂದಲೇ ಒಂದು ಕೇಸ್ ಹೇಳ್ತಾರೆ. ಆಮೇಲೆ ಕುರ್ಚಿ ಹಿಂದಕ್ಕೆ ಎಳ್ಕೊಂಡು ಸುಮ್ನೆ ಕೂರ್ತಾರೆ, ಉಳಿದವರು ಆ ರೋಗಿ, ಆ ಡಾಕ್ಟರ್ ನಡುವೆ ಏನಾಗ್ತಿದೆ ಅಂತ ಮಾತಾಡ್ತಾರೆ. ಡಯಾಗ್ನೋಸಿಸ್ ತಪ್ಪಾಯ್ತಾ ಅನ್ನೋ ವಿಚಾರಣೆ ಅಲ್ಲಿಲ್ಲ. ಒಂದು ಕೋಣೆ, ತರಬೇತಿ ಇರೋ ಒಬ್ಬ ಹಿರಿಯರು, ವಾರಕ್ಕೆ ಒಂದು ಗಂಟೆ, ಅಷ್ಟಿದ್ರೆ ನಡೆಯುತ್ತೆ.

ಪುಣೆ ಭಾವ: ಕೂತು ಮಾತಾಡೋ ಕೆಲಸ ಅಂದಿದ್ದು ತಪ್ಪು. ಸಾರಿ ಕಣಮ್ಮ.

ದೊಡ್ಡಪ್ಪ: 74 ಗಂಟೆ ವಿಷಯ ನಾನಿನ್ನೂ ಒಪ್ಪಿಲ್ಲ. ಮಿತಿ ಹಾಕಿದ್ರೆ ರಾತ್ರಿ ಕೆಲಸಕ್ಕೆ ಇನ್ನಷ್ಟು ಜನ ಬೇಕು, ಅವರನ್ನ ಯಾರು ತುಂಬ್ತಾರೆ? ಆದ್ರೆ ಕಾಲೇಜು ಬದಲಾಯಿಸಿ ಚಿಕಿತ್ಸೆ ಕೊಡೋದು ಖರ್ಚಿಲ್ಲದ ಕೆಲಸ. ಒಂದು ಪುಟ ಬರ್ದು ಕಳಿಸು, ಕನ್ನಡದಲ್ಲೇ ಇರ್ಲಿ. ಮುಂದಿನ ಐಎಂಎ (ಭಾರತೀಯ ವೈದ್ಯಕೀಯ ಸಂಘ) ಸಭೆಯಲ್ಲಿ ಓದ್ತೀನಿ. ಎರಡೂ ಕಾಲೇಜಿನ ಪ್ರಿನ್ಸಿಪಾಲರು ಅಲ್ಲಿಗೆ ಬರ್ತಾರೆ.

ನಾನು: ನಾಳೆ ರಾತ್ರಿಯೊಳಗೆ ಕಳಿಸ್ತೀನಿ. ಓದುವಾಗ ನನ್ನ ರೋಗಿ ವಿಷಯ ಮಾತ್ರ ಬಿಡಿ ದೊಡ್ಡಪ್ಪ.

ದೊಡ್ಡಪ್ಪ: ಬಿಡ್ತೀನಿ. ಜನ ಯಾರು ತುಂಬ್ತಾರೆ ಅನ್ನೋದಕ್ಕೂ ಅದ್ರಲ್ಲೇ ಉತ್ತರ ಬರಿ.