ಅಪ್ಪಾಜಿಗೆ ದವಡೆ ಹಲ್ಲು ಕೀಳಿಸಿದೆ, ಶುಗರ್ ಬೇರೆ ಇದೆ. ಗಾಯ ಕೆಡದಂತೆ ಏನು ಮಾಡಬೇಕು?

ಭದ್ರಾನಾಲೆ:
ಅಪ್ಪಾಜಿಗೆ 61 ವರ್ಷ. ನಿನ್ನೆ ಬೆಳಿಗ್ಗೆ 11ಕ್ಕೆ ದಾವಣಗೆರೆಯಲ್ಲಿ ಬಲಗಡೆ ಕೆಳಗಿನ ಕೊನೇ ದವಡೆ ಹಲ್ಲು ಕಿತ್ತರು, ಹೊಲಿಗೆ ಹಾಕಿಲ್ಲ. ಶುಗರ್‌ಗೆ ಮಾತ್ರೆ ನಡೀತಿದೆ, ಹಾರ್ಟಿಗೆ ಅಂತ ಆಸ್ಪಿರಿನ್ 75 ದಿನಾ ಒಂದು. ರಾತ್ರಿಯೆಲ್ಲ ಉಗುಳ್ತಾನೇ ಇದ್ರು, ಈಗಲೂ ಎಂಜಲು ಕೆಂಪಗಿದೆ. ಪಕ್ಕದ ಮನೆಯವರು ಲವಂಗದೆಣ್ಣೆ ಹತ್ತಿ ಇಡಿ ಅಂತಾರೆ. ಸಂಜೆ ಆದ್ರೆ ಅವರಿಗೆ ಮಂಡಕ್ಕಿ ಬೇಕು, ಊಟ ಆದ್ಮೇಲೆ ಎಲೆ ಅಡಿಕೆ ಬೇಕು. ನಾಳೆ ಚನ್ನಗಿರಿ ಕಡೆ ಊರಿಗೆ ಹೊರಟಿದ್ದಾರೆ. ತಿಳಿದವರು ಹೇಳಿ.

ಕೋಟೆನಾಡು:
ಮೊದಲು ಉಗುಳೋದು ನಿಲ್ಲಿಸಿ, ಎಂಜಲು ನುಂಗಲಿ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿರುತ್ತೆ, ಒಳಗಿನ ಮೂಳೆಗೆ ಅದೇ ಹೊದಿಕೆ. ಹಾಲಿಗೆ ಹೆಪ್ಪು ಹಾಕಿದ ಪಾತ್ರೆಯನ್ನ ಅಲುಗಾಡಿಸ್ತೀವಾ? ಇದೂ ಹಾಗೇ. ಉಗುಳುವಾಗ, ಸ್ಟ್ರಾ ಹಾಕಿ ಎಳನೀರು ಎಳೆಯುವಾಗ, ಬೀಡಿ ಸೇದುವಾಗ ಬಾಯೊಳಗೆ ಎಳೆತ ಹುಟ್ಟಿ ಹೆಪ್ಪು ಕಿತ್ತು ಬರುತ್ತೆ.

ಎಂಜಲು ಕೆಂಪಗಿದೆ ಅಂದ ಮಾತ್ರಕ್ಕೆ ಹೆದರಬೇಡಿ. ಒಂದು ಹನಿ ರಕ್ತ ಬಾಯಿ ತುಂಬ ಎಂಜಲನ್ನ ಕೆಂಪು ಮಾಡುತ್ತೆ, ಮೊದಲ ದಿನ ಇದು ಮಾಮೂಲು. ನಿಜವಾಗಿ ಸೋರ್ತಿದೆಯಾ ಅಂತ ನೋಡೋಕೆ ಮೆಡಿಕಲ್ ಶಾಪಿನ ಸ್ಟೆರೈಲ್ ಗಾಜ್ ಬಟ್ಟೆಯನ್ನ ದಪ್ಪಗೆ ಮಡಚಿ, ಸ್ವಲ್ಪ ಒದ್ದೆ ಮಾಡಿ, ಸರಿಯಾಗಿ ಗುಳಿಯ ಮೇಲೇ ಇಟ್ಟು 30 ನಿಮಿಷ ಗಟ್ಟಿಯಾಗಿ ಕಚ್ಚಿಸಿ. ಗಡಿಯಾರ ನೋಡ್ಕೊಂಡೇ ಮಾಡಿ. ಐದೈದು ನಿಮಿಷಕ್ಕೆ ತೆಗೆದು ನೋಡೋದೇ ಎಲ್ಲರ ಮನೆಯಲ್ಲೂ ಆಗೋ ತಪ್ಪು. ಒಣ ಬಟ್ಟೆ ಹೆಪ್ಪಿಗೆ ಅಂಟಿಕೊಳ್ಳುತ್ತೆ, ತೆಗೆದಾಗಲೆಲ್ಲ ಹೆಪ್ಪೂ ಜೊತೆಗೆ ಬರುತ್ತೆ. ಹೀಗೆ ಎರಡು ಸಲ ಮಾಡಿದ ಮೇಲೂ ಬಟ್ಟೆ ತೊಯ್ದು ತೊಟ್ಟಿಕ್ಕಿದರೆ ಹಲ್ಲು ಕಿತ್ತವರ ಹತ್ತಿರವೇ ಕರ್ಕೊಂಡು ಹೋಗಿ, ಹೊಲಿಗೆ ಬೇಕಾಗಬಹುದು. ಆಸ್ಪಿರಿನ್ ಮಾತ್ರ ನೀವೇ ನಿಲ್ಲಿಸಬೇಡಿ.

ಲವಂಗದೆಣ್ಣೆ ಬೇಡವೇ ಬೇಡ. ಹಸಿ ಗಾಯಕ್ಕೆ ಬರೀ ಎಣ್ಣೆ ತಾಗಿದರೆ ವಸಡು ಸುಟ್ಟು ಬೆಳ್ಳಗಾಗುತ್ತೆ, ಹತ್ತಿಯ ಎಳೆ ಒಳಗೇ ಉಳಿದು ಕೊಳೆಯುತ್ತೆ.

ಮಾತ್ರೆಚೀಟಿ:
ಉಪ್ಪುನೀರು 24 ಗಂಟೆ ಕಳೆದ ಮೇಲೆ, ಅಂದ್ರೆ ಇವತ್ತು ಮಧ್ಯಾಹ್ನದಿಂದ. ಆಗಲೂ ರಕ್ತ ಜಿನುಗ್ತಿದ್ರೆ ಅದು ನಿಲ್ಲೋವರೆಗೂ ಬೇಡ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು, ತಿಂದಾಗಲೆಲ್ಲ ಒಂದು ಸಲ, ಒಂದು ವಾರ. ಗುಳಗುಳ ಮುಕ್ಕಳಿಸಬಾರದು. ಬಾಯಲ್ಲಿ ಹಿಡಿದು, ತಲೆಯನ್ನ ಬಲಕ್ಕೆ ವಾಲಿಸಿ, ಆಮೇಲೆ ಬಾಯಿ ತೆರೆದು ನೀರು ತಾನಾಗಿ ಸುರಿದುಹೋಗೋಕೆ ಬಿಡಬೇಕು. ಉಳಿದ ಹಲ್ಲುಗಳನ್ನ ಬ್ರಷ್ ಮಾಡಲಿ, ಬಾಯಿ ಹೊಲಸಾದಷ್ಟೂ ಸೋಂಕು ಹತ್ತಿರ.

ನೋವಿನ ಮಾತ್ರೆಯ ಚೀಟಿಯಲ್ಲಿ ಏನಿದೆ ಓದಿ ನೋಡಿ. ಆಸ್ಪಿರಿನ್ ತಗೊಳ್ಳೋರಿಗೆ ಐಬುಪ್ರೊಫೆನ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು, ಹಾರ್ಟಿಗೆ ಕೊಟ್ಟ ಆಸ್ಪಿರಿನ್ ಕೆಲಸವೂ ಕುಂದಬಹುದು.

ಶುಗರ್ ಇದ್ದವರ ಮನೆಯಲ್ಲಿ ಇನ್ನೊಂದು ಎಡವಟ್ಟು ಆಗುತ್ತೆ. ಬಾಯಿ ನೋವು ಅಂತ ಊಟ ಬಿಡ್ತಾರೆ, ಶುಗರ್ ಮಾತ್ರೆ ಮಾತ್ರ ನುಂಗ್ತಾರೆ. ಮೈ ಬೆವತು ಕೈ ನಡುಗಿದರೆ ತಕ್ಷಣ ಚೆಕ್ ಮಾಡಿ, 70ಕ್ಕಿಂತ ಕಡಿಮೆ ಇದ್ರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಶುಗರ್ ಏರಿದರೂ ಗಾಯ ಬೇಗ ಮಾಯಲ್ಲ.

ಬೆಣ್ಣೆನಗರಿ:
ಮಂಡಕ್ಕಿ ಇನ್ನು ಎರಡು ವಾರ ಕಣ್ಣಿಗೂ ತೋರಿಸಬೇಡಿ. ಅದರ ತೆಳು ಸಿಪ್ಪೆ, ಮಿರ್ಚಿ ಬೀಜ, ಶೇಂಗಾ ಚೂರು ನೇರ ಗುಳಿಗೇ ಹೋಗಿ ಕೂರುತ್ತೆ. ಕಡ್ಡಿ ಹಾಕಿ ಕೆದಕೋಕೆ ಹೋದರೆ ಅಲ್ಲಿಗೆ ಮುಗೀತು. ಮೊಸರನ್ನ ಕೊಡಿ, ಸಾಸಿವೆ ಒಗ್ಗರಣೆ ಬೇಡ. ಆರಿದ ರಾಗಿ ಗಂಜಿ, ಹಾಲಲ್ಲಿ ನೆನೆಸಿದ ಇಡ್ಲಿ ಆಗುತ್ತೆ. ಮುದ್ದೆಯೂ ಆಗುತ್ತೆ, ಬಿಸಿ ಆರಿರಬೇಕು, ಸಾರು ಸಪ್ಪೆ ಇರಬೇಕು, ಎಡಗಡೆ ಇಟ್ಟು ನುಂಗಬೇಕು. ಖಡಕ್ ರೊಟ್ಟಿ ಬೇಡ.

ಎಲೆ ಅಡಿಕೆ ವಿಷಯದಲ್ಲಿ ಕರುಣೆ ತೋರಿಸಬೇಡಿ. ಚನ್ನಗಿರಿ ಕಡೆ ತೋಟದವರಿಗೆ ಇದು ಕಷ್ಟ, ಗೊತ್ತು. ಆದರೆ ಸುಣ್ಣ ಗಾಯ ಸುಡುತ್ತೆ, ಅಡಿಕೆ ಚೂರು ಚುಚ್ಚುತ್ತೆ, ಜೊತೆಗೆ ಹೊಗೆಸೊಪ್ಪು ಇದ್ದರೆ ರಕ್ತನಾಳ ಬಿಗಿದು ಗಾಯಕ್ಕೆ ರಕ್ತವೇ ಸಾಲದು. ಬಾಯಿ ಬಿಗಿದು ತೆರೆಯಲಾಗದ ಕಾಯಿಲೆಗೂ ಅಡಿಕೆಯೇ ಮೂಲ. ಬಿಟ್ಟರೆ ಪೂರ್ತಿ ಬಿಡಿಸಿಬಿಡಿ.

ಕೋಟೆನಾಡು:
ಊರಿಗೆ ಹೋಗೋದನ್ನ ಎರಡು ದಿನ ಮುಂದೆ ಹಾಕಿದರೆ ಒಳ್ಳೇದು. ಹೆಪ್ಪು ಕಳಚಿ ಗುಳಿ ಒಣಗೋ ತೊಂದರೆ, ಡ್ರೈ ಸಾಕೆಟ್ ಅಂತಾರಲ್ಲ, ಅದು ಕಾಣಿಸೋದು ಎರಡರಿಂದ ನಾಲ್ಕನೇ ದಿನದೊಳಗೆ. ಕೆಳಗಿನ ಕೊನೇ ಹಲ್ಲಿಗೇ ಹೆಚ್ಚು. ಕಡಿಮೆಯಾಗ್ತಿದ್ದ ನೋವು ಒಮ್ಮೆಲೇ ಏರಿ ಕಿವಿವರೆಗೂ ಸೆಳೆಯುತ್ತೆ, ಬಾಯಿ ನಾರುತ್ತೆ, ಮಾತ್ರೆಗೂ ಬಗ್ಗಲ್ಲ. ಟಾರ್ಚ್ ಹಾಕಿ ನೋಡಿದರೆ ಗುಳಿ ಖಾಲಿ, ತಳದಲ್ಲಿ ಮೂಳೆ ಕಾಣುತ್ತೆ. ಇದಕ್ಕೆ ಗುಳಿ ತೊಳೆದು ಔಷಧಿ ಇಟ್ಟು ಮುಚ್ಚೋದೇ ಚಿಕಿತ್ಸೆ, ಆಂಟಿಬಯೋಟಿಕ್ ಒಂದೇ ನುಂಗಿಸಿ ಕಾಯಬಾರದು. ಆದರೆ ಗುಳಿ ಮೇಲೆ ಬಿಳಿ, ತಿಳಿಹಳದಿ ಪದರ ಕಂಡು ನೋವು ಇಳೀತಿದ್ದರೆ ಅದು ಕೀವಲ್ಲ, ಗಾಯ ಮಾಯುವಾಗ ಬರೋ ಪೊರೆ. ಕೆರೆಯಬೇಡಿ.

ಕೆನ್ನೆ ಊತ ಮೂರನೇ ದಿನದವರೆಗೂ ಏರಬಹುದು. ಆಮೇಲೂ ಏರ್ತಿದ್ದರೆ, ಜ್ವರ 101 ದಾಟಿದರೆ ಅವತ್ತೇ ತೋರಿಸಿ. ನುಂಗೋಕೆ, ಉಸಿರಾಡೋಕೆ ಕಷ್ಟ ಆದರೆ, ನಾಲಿಗೆ ಕೆಳಗೆ ಊತ ಬಂದರೆ ಬೆಳಗಾಗಲಿ ಅನ್ನಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲಾ ಚಿಗಟೇರಿ ಆಸ್ಪತ್ರೆ ತುರ್ತು ವಿಭಾಗಕ್ಕೆ ನೇರ ಹೋಗಿ.

ಭದ್ರಾನಾಲೆ:
ಗಡಿಯಾರ ನೋಡಿ ಅರ್ಧ ಗಂಟೆ ಕಚ್ಚಿಸಿದೆ. ಬಟ್ಟೆ ತಿಳಿ ಗುಲಾಬಿ ಅಷ್ಟೇ. ಚೀಟಿಯಲ್ಲಿ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಎರಡೂ ಸೇರಿದ ಮಾತ್ರೆ ಇದೆ. ಆಸ್ಪಿರಿನ್ ವಿಷಯ ನಾವು ಡಾಕ್ಟರಿಗೆ ಹೇಳಿರಲಿಲ್ಲ.

ಮಾತ್ರೆಚೀಟಿ:
ಹಾಗಾದರೆ ಮುಂದಿನ ಮಾತ್ರೆ ಕೊಡೋಕೆ ಮುಂಚೆ ಅವರಿಗೆ ಫೋನ್ ಮಾಡಿ ಹೇಳಿ, ಬರೀ ಪ್ಯಾರಾಸಿಟಮಾಲ್‌ಗೆ ಬದಲಿಸಬಹುದಾ ಕೇಳಿ. ಬದಲಿಸಿದರೆ ಹಳೇ ಮಾತ್ರೆ ಪಕ್ಕಕ್ಕಿಡಿ, ಎರಡನ್ನೂ ಕೊಟ್ಟರೆ ಪ್ಯಾರಾಸಿಟಮಾಲ್ ಡಬಲ್ ಆಗುತ್ತೆ. ಆಂಟಿಬಯೋಟಿಕ್ ಬರೆದಿದ್ದರೆ ನೋವು ಹೋಯ್ತು ಅಂತ ಮಧ್ಯದಲ್ಲಿ ಬಿಡಬೇಡಿ.